ಪೆಟ್ರೋಲಿನಲ್ಲಿ ಮುಳುಗಿದ ಮೋಟರು

ಪೆಟ್ರೋಲ್ ಬಂಕಿನಲ್ಲಿ ಮೊಬೈಲ್ ಹೊರತೆಗೆದರೆ ಗದರುತ್ತಾರೆ. ಬೀಡಿ ಹಚ್ಚಿದರಂತೂ ಕತ್ತು ಹಿಡಿದು ಆಚೆಗೆ ನೂಕುತ್ತಾರೆ. ಆದರೆ ಅದೇ ಬಂಕಿಗೆ ಬಂದು ನಿಂತ ಕಾರಿನ ಟ್ಯಾಂಕಿನೊಳಗೆ ಒಂದು ವಿದ್ಯುತ್ ಮೋಟರು ಪೆಟ್ರೋಲಿನಲ್ಲೇ ಮುಳುಗಿಕೊಂಡು, ಪುಟ್ಟ ಪುಟ್ಟ ಕಿಡಿ ಹಾರಿಸುತ್ತ, ದಾರಿಯುದ್ದಕ್ಕೂ ತಿರುಗಿಕೊಂಡೇ ಬಂದಿರುತ್ತದೆ. ಅದರ ಕಾರ್ಬನ್ ಬ್ರಷ್‌ಗಳು ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಮ್ಯುಟೇಟರಿಗೆ ಉಜ್ಜುವ ಕಡೆ ಸುತ್ತಮುತ್ತ ಇರುವುದು ಪೆಟ್ರೋಲೇ. ಅದರ ಬೇರಿಂಗಿಗೆ ಎಣ್ಣೆಯಾಗಿ ಒದಗುವುದೂ ಪೆಟ್ರೋಲೇ, ಮೈ ತಣ್ಣಗಿಡುವುದೂ ಪೆಟ್ರೋಲೇ.

ಬೆಂಕಿ ಏಕೆ ಹತ್ತುವುದಿಲ್ಲ? ಪೆಟ್ರೋಲ್ ದ್ರವ ತಾನಾಗಿ ಉರಿಯುವುದಿಲ್ಲ. ಅದರ ಆವಿ ಗಾಳಿಯೊಂದಿಗೆ ಸರಿಯಾದ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಉರಿಯುತ್ತದೆ. ಆ ಪ್ರಮಾಣ ತೀರಾ ಇಕ್ಕಟ್ಟಿನದು. ಗಾಳಿಯಲ್ಲಿ ಆವಿ ಸುಮಾರು ಶೇ 1.4ಕ್ಕಿಂತ ಕಡಿಮೆ ಇದ್ದರೂ ಹತ್ತದು, ಸುಮಾರು ಶೇ 7.6 ದಾಟಿದರೂ ಹತ್ತದು. ಮುಚ್ಚಿದ ಟ್ಯಾಂಕಿನಲ್ಲಿ ನಮ್ಮ ಬಯಲುಸೀಮೆಯ ಸೆಕೆಗೆ ಪೆಟ್ರೋಲಿನ ಆವಿ ಎಷ್ಟು ದಟ್ಟವಾಗಿ ತುಂಬಿರುತ್ತದೆ ಎಂದರೆ ಆ ಮೇಲಿನ ಮಿತಿ ಎಲ್ಲೋ ಕೆಳಗೆ ಉಳಿದುಬಿಡುತ್ತದೆ. ಮೋಟರಿನ ಒಳಗಂತೂ ಆಮ್ಲಜನಕವೇ ಇಲ್ಲ. ಜೊತೆಗೆ ಪೆಟ್ರೋಲು ಒಳ್ಳೆಯ ವಿದ್ಯುತ್ ನಿರೋಧಕ, ಹಾಗಾಗಿ ಶಾರ್ಟ್ ಆಗುವ ಭಯವೂ ಇಲ್ಲ. ಟ್ಯಾಂಕಿನ ಮುಚ್ಚಳ ಬಿಚ್ಚಿ ಗಾಳಿ ಒಳಗೆ ಬಿಟ್ಟ ಮೇಲೆ ಈ ಲೆಕ್ಕವೆಲ್ಲ ತಲೆಕೆಳಗು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಇಷ್ಟು ಸಾಹಸ ಮಾಡಿ ಮೋಟರನ್ನು ಟ್ಯಾಂಕಿನೊಳಗೇ ಇಳಿಸುವ ಜರೂರು ಏನಿತ್ತು? ಕಾರ್ಬ್ಯುರೇಟರ್ ಕಾಲದ ಗಾಡಿಗಳಲ್ಲಿ ಪಂಪು ಎಂಜಿನ್ನಿನ ಪಕ್ಕದಲ್ಲೇ ಇರುತ್ತಿತ್ತು. ಕ್ಯಾಮ್ ಶಾಫ್ಟ್ ಒತ್ತಿದಂತೆಲ್ಲ ಅದರ ಡಯಾಫ್ರಮ್ ಮೇಲೆ ಕೆಳಗೆ ಆಡಿ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ತರುತ್ತಿತ್ತು. ಕಾರ್ಬ್ಯುರೇಟರಿನ ತೊಟ್ಟಿ ತುಂಬಿದರೆ ಅದರ ಕೆಲಸ ಮುಗಿಯಿತು. ಕಾಲು ಬಾರ್ ಒತ್ತಡ ಸಾಕಿತ್ತು. ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್ ಬಂದ ಮೇಲೆ ಆಟವೇ ಬದಲಾಯಿತು. ಅಮೆರಿಕದ ಬೆಂಡಿಕ್ಸ್ ಕಂಪನಿ 1950ರ ದಶಕದ ಕೊನೆಯಲ್ಲಿ ವಿದ್ಯುತ್ ಇಂಜೆಕ್ಷನ್ ಮಾಡಿ ನೋಡಿ ಕೈಸುಟ್ಟುಕೊಂಡಿತು. ಜರ್ಮನಿಯ ಬಾಷ್ 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ಹೆಸರಿನಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಅದನ್ನು ಕೂರಿಸಿ ಗೆದ್ದಿತು. ಇಂಜೆಕ್ಟರ್ ಎಂದರೆ ಕೆಲವೇ ಮಿಲಿಸೆಕೆಂಡು ಬಾಯಿ ತೆರೆದು ಮುಚ್ಚುವ ವಿದ್ಯುತ್ ವಾಲ್ವು. ಎಷ್ಟು ಹೊತ್ತು ತೆರೆಯಬೇಕು ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಹಿಂದಿನಿಂದ ತಳ್ಳುವ ಒತ್ತಡ ಏರುಪೇರಾಗುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ಸಾಮಾನ್ಯ ಎಂಪಿಎಫ್ಐ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುವ) ಕಾರುಗಳಲ್ಲಿ ಆ ಒತ್ತಡ ಹೆಚ್ಚುಕಡಿಮೆ 3 ಬಾರ್. ಟೈರಿಗೆ ಗಾಳಿ ಹೊಡೆಯುವವರ ಲೆಕ್ಕದಲ್ಲಿ 43 ಪೌಂಡು. ಪೈಪು ನೆಟ್ಟಗೆ ನಿಲ್ಲಿಸಿದರೆ 3 ಬಾರ್ ಒತ್ತಡ ಪೆಟ್ರೋಲನ್ನು 41 ಮೀಟರ್ ಎತ್ತರಕ್ಕೆ, ಅಂದರೆ ಹದಿಮೂರು ಅಂತಸ್ತಿನ ಕಟ್ಟಡದ ತಾರಸಿಗೆ ಏರಿಸುತ್ತದೆ. ಹಳೆಯ ಡಯಾಫ್ರಮ್ ಪಂಪು ಮೊದಲ ಮಹಡಿ ದಾಟುವುದೇ ಕಷ್ಟ.

ಎಳೆಯುವುದಕ್ಕೂ ತಳ್ಳುವುದಕ್ಕೂ ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಪೆಟ್ರೋಲಿನ ಹಗುರ ಭಾಗಗಳು 35-40 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯತೊಡಗುತ್ತವೆ. ಹೀರಿ ಎಳೆದಾಗ ಪೈಪಿನೊಳಗೆ ಒತ್ತಡ ತಗ್ಗುತ್ತದೆ, ಒತ್ತಡ ತಗ್ಗಿದರೆ ಕುದಿಯುವ ಬಿಂದುವೂ ತಗ್ಗುತ್ತದೆ. ಬೆಂಗಳೂರು ಗ್ರಾಮಾಂತರದ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ. ಬೇಸಿಗೆಯ ಮಧ್ಯಾಹ್ನ ಹಳೆಯ ಕಾರುಗಳು ಮುಖ್ಯರಸ್ತೆಯಲ್ಲಿ ಕೆಮ್ಮಿ ನಿಂತು, ಚಾಲಕ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದ ದೃಶ್ಯ ಹಿರಿಯರಿಗೆ ನೆನಪಿರಬಹುದು. ಪೈಪಿನಲ್ಲಿ ಆವಿಯ ಗುಳ್ಳೆ ಕಟ್ಟಿಕೊಂಡು ಪೆಟ್ರೋಲು ಬಾರದಿರುವ ಸ್ಥಿತಿ ಅದು. ಪಂಪನ್ನು ಟ್ಯಾಂಕಿನ ತಳಕ್ಕೆ ಇಳಿಸಿದರೆ ಹೀರುವ ಕೆಲಸವೇ ಇಲ್ಲ. ಪೆಟ್ರೋಲು ತಾನಾಗಿ ಬಂದು ಬಾಯಿಗೆ ಬೀಳುತ್ತದೆ, ಪಂಪು ತಳ್ಳಿದರಾಯಿತು. ಒತ್ತಡದಲ್ಲಿರುವ ಪೆಟ್ರೋಲು ಎಂಜಿನ್ನಿನ ಬಿಸಿಗೂ ಸುಲಭಕ್ಕೆ ಕುದಿಯದು.

ಇಷ್ಟು ಪೀಠಿಕೆಯ ನಂತರ, ಒಂದು ಹಳೆಯ ಕಾರನ್ನು ಹುಡುಕಿಕೊಂಡು ನಲ್ಲೂರಿಗೆ ಬರೋಣ. ದೇವನಹಳ್ಳಿ ತಾಲ್ಲೂಕಿನ ಈ ಊರು ಹೆಸರಾಗಿರುವುದು ಹುಣಸೆ ತೋಪಿನಿಂದ. 54 ಎಕರೆಯ ಆ ತೋಪಿಗೆ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂಬ ಮನ್ನಣೆ ಸಿಕ್ಕಿತು. ಅಲ್ಲಿ ಹಳೆಯ ಮರಕ್ಕೆ ಕಾಯಿದೆಯ ಕಾವಲಿದೆ. ಹಳೆಯ ಕಾರಿಗೆ ಇಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ‘ವಿಂಟೇಜ್’ ಅನ್ನಿಸಿಕೊಳ್ಳಲು ಗಾಡಿಗೆ 50 ವರ್ಷ ತುಂಬಿರಬೇಕು. ನಲ್ಲೂರಿನ ಒಂದು ಮನೆಯ ಶೆಡ್ಡಿನಲ್ಲಿ 1996ರ ಡೇವೂ ಸಿಯೆಲೊ ನಿಂತಿದೆ ಎಂದಿಟ್ಟುಕೊಳ್ಳಿ. ಅದು ವಿಂಟೇಜೂ ಅಲ್ಲ, ಹೊಸದೂ ಅಲ್ಲ. ಸರ್ಕಾರದ ಕಣ್ಣಲ್ಲಿ ಬರೀ ವಯಸ್ಸಾದ ಗಾಡಿ. ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಆರ್‌ಟಿಓ ಕಚೇರಿಗೆ ಅಲೆಯಬೇಕಾದ ಗಾಡಿ.

ಸಿಯೆಲೊವನ್ನೇ ಉದಾಹರಣೆಗೆ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮಾರುತಿ 800ಕ್ಕೆ ಇಂಜೆಕ್ಷನ್ ಬಂದದ್ದು 2000ದಲ್ಲಿ. ಸಿಯೆಲೊ 1995ರಲ್ಲೇ ಎಂಪಿಎಫ್ಐ ಹೊತ್ತು ಉತ್ತರ ಪ್ರದೇಶದ ಸೂರಜ್‌ಪುರದ ಕಾರ್ಖಾನೆಯಿಂದ ಇಳಿದಿತ್ತು. ಕೊರಿಯಾದ ಡೇವೂ ಮೋಟರ್ 2000ದ ನವೆಂಬರಿನಲ್ಲಿ ದಿವಾಳಿಯೆದ್ದಿತು. 2002ರಲ್ಲಿ ಜನರಲ್ ಮೋಟರ್ಸ್ ಅದರ ಬಹುಪಾಲು ಆಸ್ತಿ ಕೊಂಡಿತಾದರೂ ಭಾರತದ ಕಾರ್ಖಾನೆಯನ್ನು ಮುಟ್ಟಲಿಲ್ಲ. ಆ ಜನರಲ್ ಮೋಟರ್ಸ್ ಕೂಡ 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಡೇವೂವಿನ ಸಿಯೆಲೊ, ಮಾಟಿಜ್, ಜನರಲ್ ಮೋಟರ್ಸ್‌ನ ಓಪೆಲ್ ಆಸ್ಟ್ರಾ ಹೀಗೆ ತಬ್ಬಲಿಯಾದ ಕಾರುಗಳ ಒಂದು ಪೀಳಿಗೆಯೇ ನಮ್ಮಲ್ಲಿದೆ. ಶೋರೂಮ್ ಇಲ್ಲ, ಸರ್ವಿಸ್ ಸೆಂಟರ್ ಇಲ್ಲ, ಬಿಡಿಭಾಗದ ಪುಸ್ತಕ ಇಟ್ಟುಕೊಂಡವರೂ ಇಲ್ಲ. ಕಾರು ಮಾತ್ರ ಇದೆ.

ಆ ಕಾರು ಒಂದು ದಿನ ಮುಷ್ಕರ ಹೂಡುತ್ತದೆ. ಸೆಲ್ಫ್ ಹೊಡೆಯುತ್ತದೆ, ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ‘ಪಂಪು ಹೋಗಿದೆ, ಚೇಂಜ್ ಮಾಡ್ಬೇಕು’ ಎಂಬ ತೀರ್ಪು ಬಾನೆಟ್ ಎತ್ತುವ ಮೊದಲೇ ಬಂದುಬಿಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಈ ವಿಷಯದಲ್ಲಿ ನಡೆದಷ್ಟು ಬೇರೆಲ್ಲೂ ನಡೆಯದು. ಮೊದಲು ಕಿವಿಗೊಡಿ. ಕೀಯನ್ನು ಸ್ಟಾರ್ಟ್‌ವರೆಗೆ ಒಯ್ಯದೆ ಅರ್ಧಕ್ಕೆ ತಿರುಗಿಸಿದರೆ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡು ‘ಝುಂಯ್’ ಎಂಬ ಸದ್ದು ಬರಬೇಕು. ಎಂಜಿನ್ ತಿರುಗುವ ಮುನ್ನ ಪೈಪಿನಲ್ಲಿ ಒತ್ತಡ ಕಟ್ಟಿಡಲು ಕಂಪ್ಯೂಟರ್ ಕೊಡುವ ಅಪ್ಪಣೆ ಅದು. ಸದ್ದೇ ಇಲ್ಲವೆಂದರೆ ಪಂಪು ಸತ್ತಿದೆ ಎಂದೇನೂ ಅಲ್ಲ. ಫ್ಯೂಸು ಸುಟ್ಟಿರಬಹುದು, ರಿಲೇ ಕೈಕೊಟ್ಟಿರಬಹುದು, ಅರ್ಥ್ ತಂತಿ ತುಕ್ಕು ಹಿಡಿದಿರಬಹುದು.

ಸದ್ದು ಬಂದರೂ ಗಾಡಿ ಸೊರಗಿದೆ ಎಂದಾದರೆ ಮಲ್ಟಿಮೀಟರ್ ಹಿಡಿಯಿರಿ. ಇಂಥ ಪಂಪು ನಾಲ್ಕೈದು ಆಂಪಿಯರ್ ಕರೆಂಟು ಎಳೆಯುತ್ತದೆ. ದಾರಿಯಲ್ಲೆಲ್ಲೋ ಒಂದು ಕನೆಕ್ಟರಿನಲ್ಲಿ ಹಸಿರು ಕಿಲುಬು ಕಟ್ಟಿ 0.3 ಓಮ್ ಅಡ್ಡಿ ಬಂದಿದ್ದರೆ 5 ಆಂಪಿಯರಿಗೆ ಒಂದೂವರೆ ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. 12 ವೋಲ್ಟ್ ಸಿಗಬೇಕಾದ ಮೋಟರಿಗೆ 10.5 ಸಿಕ್ಕಿತು ಅನ್ನೋಣ. ವೇಗ ಸುಮಾರು ಶೇ 12 ಇಳಿಯುತ್ತದೆ. ಪುಟ್ಟ ಚಕ್ರ ತಿರುಗಿಸಿ ಒತ್ತಡ ಹುಟ್ಟಿಸುವ ಟರ್ಬೈನ್ ಪಂಪಿನಲ್ಲಿ ಒತ್ತಡ ವೇಗದ ವರ್ಗದಂತೆ ಏರಿಳಿಯುವುದರಿಂದ, ತಳ್ಳುವ ತಾಕತ್ತು ಶೇ 23ರಷ್ಟು ಕುಸಿದಿರುತ್ತದೆ. ಊರೊಳಗೆ ಓಡಾಡುವಾಗ ಇದು ಗೊತ್ತೇ ಆಗದು. ನಂದಿ ಬೆಟ್ಟದ ತಿರುವು ಹತ್ತುವಾಗ ಗೊತ್ತಾಗುತ್ತದೆ. ಹೊಸ ಪಂಪು ಹಾಕಿದರೂ ಅದೇ ಕತೆ, ಏಕೆಂದರೆ ತಂತಿ ಹಳೆಯದೇ. ಇದಕ್ಕೆ ಪಂಪಿಗೆ ಕೊಡುವ ದುಡ್ಡು ಬೇಡ, ಉಜ್ಜು ಕಾಗದ ಸಾಕು.

ಇದೆಲ್ಲ ಸರಿಯಿದ್ದೂ ಒತ್ತಡದ ಗೇಜು ಮೂರು ಬಾರ್ ಮುಟ್ಟದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಸಿಯೆಲೊ ಕಾಲದ ಕಾರುಗಳಲ್ಲಿ ಎಂಜಿನ್ನಿಗೆ ಹೋದ ಪೆಟ್ರೋಲಿನಲ್ಲಿ ಮಿಕ್ಕದ್ದು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ಆ ರಿಟರ್ನ್ ಪೈಪಿನ ರಬ್ಬರ್ ಭಾಗವನ್ನು ಕ್ಷಣಮಾತ್ರ ಅದುಮಿ ಹಿಡಿಯಿರಿ. ಗೇಜು ಸರ್ರನೆ ಮೇಲೇರಿದರೆ ಪಂಪು ಗಟ್ಟಿ, ಒತ್ತಡ ಹಿಡಿದಿಡುವ ರೆಗ್ಯುಲೇಟರ್ ಲೊಟ್ಟೆ. ಏರದೆ ಅಲ್ಲೇ ಹೊಯ್ದಾಡಿದರೆ ಒಂದೋ ಫಿಲ್ಟರ್ ಕಟ್ಟಿಕೊಂಡಿದೆ, ಇಲ್ಲವೇ ಪಂಪಿನ ಆಯಸ್ಸು ಮುಗಿದಿದೆ. ಅಗ್ಗದ ಫಿಲ್ಟರನ್ನು ಮೊದಲು ಬದಲಿಸಿ ನೋಡುವುದು ಜಾಣತನ.

ಪಂಪೇ ಹೋಗಿದೆ ಎಂದು ಖಾತರಿಯಾದ ಮೇಲೆ ದಾರಿ ಬೆಂಗಳೂರಿನ ಜೆ.ಸಿ. ರಸ್ತೆಗೆ. ಜಯಚಾಮರಾಜೇಂದ್ರ ಒಡೆಯರ ಹೆಸರಿನ ಈ ರಸ್ತೆಯಲ್ಲಿ ಗಾಡಿಯ ಬಿಡಿಭಾಗಗಳ ಅಂಗಡಿಗಳು ಒತ್ತೊತ್ತಾಗಿ ಕೂತಿವೆ. ಅಲ್ಲಿ ಸಂಭಾಷಣೆ ಹೆಚ್ಚುಕಡಿಮೆ ಹೀಗಿರುತ್ತದೆ.

‘ಯಾವ ಗಾಡಿ ಸಾರ್?’

‘ಸಿಯೆಲೊ.’

‘ಅಯ್ಯೋ, ಅದೆಲ್ಲ ಈಗ ಎಲ್ಲಿ ಬರುತ್ತೆ ಸಾರ್! ಕಂಪನೀನೇ ಇಲ್ವಲ್ಲ. ಗುಜರೀಲಿ ನೋಡಿ.’

ಅರ್ಧಕ್ಕರ್ಧ ಜನ ಇಲ್ಲಿಂದಲೇ ವಾಪಸು ಬರುತ್ತಾರೆ. ಪ್ರಶ್ನೆಯೇ ತಪ್ಪಾಗಿತ್ತು ಎಂಬುದು ನನ್ನ ವಾದ. ಪಂಪಿಗೆ ತಾನು ಯಾವ ಕಾರಿನಲ್ಲಿದ್ದೇನೆ ಎಂದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದು ಬಲ್ಲದ್ದು ಕೆಲವೇ ಸಂಗತಿಗಳನ್ನು: ಎಷ್ಟು ಒತ್ತಡಕ್ಕೆ ಎದುರಾಗಿ ತಳ್ಳಬೇಕು, ಗಂಟೆಗೆ ಎಷ್ಟು ಲೀಟರ್ ತಳ್ಳಬೇಕು, ಎಷ್ಟು ವೋಲ್ಟ್ ಸಿಗುತ್ತದೆ, ಯಾವ ಅಳತೆಯ ಗೂಡಿನಲ್ಲಿ ಕೂರಬೇಕು.

ಹರಿವಿನ ಲೆಕ್ಕ ಕಾಗದದ ಚೂರಿನ ಮೇಲೆ ಮಾಡಬಹುದು. ಸಿಯೆಲೊದ ಒಂದೂವರೆ ಲೀಟರಿನ ಎಂಜಿನ್ ಸುಮಾರು 80 ಅಶ್ವಶಕ್ತಿಯದು, ಅಂದರೆ ಸುಮಾರು 60 ಕಿಲೋವಾಟ್. ಪೆಟ್ರೋಲ್ ಎಂಜಿನ್ ಪೂರ್ತಿ ಎಕ್ಸಲರೇಟರ್ ಒತ್ತಿದಾಗ ಪ್ರತಿ ಕಿಲೋವಾಟ್-ಗಂಟೆಗೆ ಸುಮಾರು 300 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. ಗುಣಿಸಿದರೆ ಗಂಟೆಗೆ 18 ಕಿಲೋ, ಅಂದರೆ 24-25 ಲೀಟರ್. ಇದು ಎಂಜಿನ್ ಉಸಿರುಕಟ್ಟಿ ಓಡುವಾಗಿನ ಮಾತು. ಹೆದ್ದಾರಿಯಲ್ಲಿ ಹದವಾಗಿ ಹೋಗುವಾಗ ಗಂಟೆಗೆ ಐದಾರು ಲೀಟರ್ ಸಾಕು. 3 ಬಾರ್ ಒತ್ತಡದಲ್ಲಿ ಗಂಟೆಗೆ 60-80 ಲೀಟರ್ ಕೊಡುವ ಯಾವ ಪಂಪು ಸಿಕ್ಕರೂ ಈ ಕಾರಿಗೆ ಧಾರಾಳವಾಯಿತು. ಇಂಥ ಪಂಪುಗಳು ಇವತ್ತು ರಸ್ತೆಯಲ್ಲಿ ಓಡುವ ಎಷ್ಟೋ ಸಣ್ಣ ಕಾರುಗಳಲ್ಲಿವೆ.

ಇಲ್ಲಿ ಮೆಕ್ಯಾನಿಕ್ಕುಗಳೂ ಎಡವುವ ಒಂದು ಸೂಕ್ಷ್ಮವಿದೆ. ಪಂಪು ಒತ್ತಡವನ್ನು ನಿರ್ಧರಿಸುವುದಿಲ್ಲ. ಅದು ಕೊಡುವುದು ಹರಿವನ್ನು. ಒತ್ತಡ ನಿರ್ಧರಿಸುವುದು ರೆಗ್ಯುಲೇಟರ್. ಒಳಗಿನ ಸ್ಪ್ರಿಂಗಿನ ಬಲಕ್ಕೆ ಮೀರಿದ ಒತ್ತಡ ಬಂದ ಕೂಡಲೇ ಅದು ಬಾಯಿ ತೆರೆದು ಹೆಚ್ಚುವರಿ ಪೆಟ್ರೋಲನ್ನು ಟ್ಯಾಂಕಿಗೆ ಹಿಂದಿರುಗಿಸುತ್ತದೆ. ಆದ್ದರಿಂದ 5 ಬಾರ್ ತಾಕತ್ತಿನ ಪಂಪು ಹಾಕಿದರೂ ಇಂಜೆಕ್ಟರಿಗೆ ಸಿಗುವುದು 3 ಬಾರೇ. ಹಾಗೆಂದು ರೇಸಿನ ಕಾರಿಗೆ ಮಾಡಿದ, ಗಂಟೆಗೆ 255 ಲೀಟರ್ ಉಗುಳುವ ಪಂಪು ತಂದು ಕೂರಿಸಿದರೆ ಸಪೂರ ರಿಟರ್ನ್ ಪೈಪು ಅಷ್ಟು ಪೆಟ್ರೋಲನ್ನು ಹೊರಲಾರದು. ರೆಗ್ಯುಲೇಟರ್ ಪೂರ್ತಿ ತೆರೆದರೂ ಒತ್ತಡ ಏರುತ್ತದೆ. ಇಂಜೆಕ್ಟರಿನಿಂದ ಹೊರಬೀಳುವ ಪೆಟ್ರೋಲು ಒತ್ತಡದ ವರ್ಗಮೂಲದಂತೆ ಹೆಚ್ಚುವುದರಿಂದ 3 ಬಾರ್ ಇದ್ದದ್ದು 4 ಆದರೆ ಶೇ 15ರಷ್ಟು ಹೆಚ್ಚು ಪೆಟ್ರೋಲು ಸುರಿಯುತ್ತದೆ. ಹೊಗೆ ಕಪ್ಪಾಗುತ್ತದೆ, ಮೈಲೇಜು ಬೀಳುತ್ತದೆ. ‘ದೊಡ್ಡದೇ ಹಾಕ್ಬಿಡಿ ಸಾರ್, ಒಳ್ಳೇದು’ ಎಂಬ ಸಲಹೆಗೆ ತಲೆದೂಗಬೇಡಿ.

ಇನ್ನೊಂದು ಲೆಕ್ಕವೂ ಸ್ವಾರಸ್ಯದ್ದು. 3 ಬಾರ್ ಒತ್ತಡದಲ್ಲಿ ಗಂಟೆಗೆ 80 ಲೀಟರ್ ತಳ್ಳುವುದಕ್ಕೆ ನಿಜಕ್ಕೂ ಬೇಕಾದ ಶಕ್ತಿ 7 ವಾಟ್ ಕೂಡ ಇಲ್ಲ. ಬ್ಯಾಟರಿಯಿಂದ ಪಂಪು ಎಳೆಯುವುದು 50 ವಾಟ್. ಉಳಿದ ನಲವತ್ಮೂರು ಶಾಖವಾಗುತ್ತದೆ, ಆ ಶಾಖವನ್ನು ಪೆಟ್ರೋಲು ಹೊತ್ತೊಯ್ಯುತ್ತದೆ. ಟ್ಯಾಂಕು ಬರಿದಾಗುತ್ತ ಬಂದು ಪಂಪಿನ ಬಾಯಿಗೆ ಗಾಳಿ ಸಿಕ್ಕರೆ ಶಾಖ ಹೊರುವವರೂ ಇಲ್ಲ, ಬೇರಿಂಗಿಗೆ ಎಣ್ಣೆಯೂ ಇಲ್ಲ. ಐವತ್ತು, ನೂರು ರೂಪಾಯಿಗೆ ಪೆಟ್ರೋಲ್ ಹಾಕಿಸಿಕೊಂಡು ರಿಸರ್ವಿನಲ್ಲೇ ದಿನ ನೂಕುವ ಗಾಡಿಗಳ ಪಂಪು ಬೇಗ ಸಾಯುವುದು ಇದೇ ಕಾರಣಕ್ಕೆ. ಅಂಗಡಿಯಲ್ಲಿ ಹೊಸ ಪಂಪನ್ನು ಬ್ಯಾಟರಿಗೆ ಮುಟ್ಟಿಸಿ ‘ನೋಡಿ, ಹೆಂಗೆ ಓಡುತ್ತೆ’ ಎಂದು ಒಣದಾಗಿಯೇ ತಿರುಗಿಸಿ ತೋರಿಸುವ ಪದ್ಧತಿಯೂ ಅಪಾಯದ್ದೇ. ತಡೆಯಿರಿ.

ಈಗ ಅಳತೆಯ ಮಾತು. ಹಿಂದಿನ ಸೀಟಿನ ಮೆತ್ತೆ ಎತ್ತಿ, ತಗಡಿನ ಮುಚ್ಚಳ ತೆಗೆದು ಪಂಪಿನ ಜೋಡಣೆಯನ್ನು ಮೇಲೆತ್ತಿದರೆ ಕಾಣುವುದು ಒಂದು ಲೋಹದ ಚೌಕಟ್ಟು, ಅದಕ್ಕೆ ತಗುಲಿಕೊಂಡ ಫ್ಲೋಟು, ತಳದಲ್ಲಿ ಕಾಲುಚೀಲದಂಥ ಬಲೆ ತೊಟ್ಟ ಒಂದು ಸಿಲಿಂಡರ್. ಆ ಸಿಲಿಂಡರೇ ಪಂಪು. ಕಂಪನಿಗಳು ಪೂರ್ತಿ ಜೋಡಣೆಯನ್ನೇ ಮಾರಲು ನೋಡುತ್ತವೆ. ನಮಗೆ ಬೇಕಾದದ್ದು ಒಳಗಿನ ಮೋಟರು ಮಾತ್ರ. ಅಂಥ ಹಲವು ಮೋಟರುಗಳ ದಪ್ಪ 38 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಹಳೆಯದರ ದಪ್ಪ, ಉದ್ದ, ಬಲೆ ಸಿಕ್ಕಿಸುವ ಬಾಯಿ ನಡುವಿದೆಯೋ ಅಂಚಿನಲ್ಲಿದೆಯೋ, ಮೇಲಿನ ಮೂತಿಯ ಅಳತೆ, ಕನೆಕ್ಟರಿನ ಆಕಾರ ಇಷ್ಟನ್ನೂ ವರ್ನಿಯರಿನಿಂದ ಅಳೆದು ಬರೆದುಕೊಳ್ಳಿ. ಪ್ಲಸ್ ಮೈನಸ್ ಗುರುತು ಪಂಪಿನ ನೆತ್ತಿಯ ಮೇಲಿರುತ್ತದೆ. ಅದಲು ಬದಲಾದರೆ ಮೋಟರು ಹಿಮ್ಮುಖವಾಗಿ ತಿರುಗುತ್ತದೆ, ಸದ್ದೂ ಬರುತ್ತದೆ, ಪೆಟ್ರೋಲು ಮಾತ್ರ ಬರುವುದಿಲ್ಲ. ಮುಂದಿನ ಸಲ ಕೌಂಟರಿನ ಮುಂದೆ ನಿಂತಾಗ ‘ಗಾಡಿ ಹೆಸರು ಬಿಡಣ್ಣ, ಈ ಸೈಜಿಂದು ಮೂರು ಬಾರ್ ಮೋಟರ್ ಇದ್ಯಾ?’ ಎಂದು ಕೇಳಿ, ಹಳೆಯದನ್ನು ಕೈಗಿಡಿ. ಮಾತಿನ ಧಾಟಿಯೇ ಬದಲಾಗುತ್ತದೆ. ಒಳಗಿನಿಂದ ನಾಲ್ಕು ಡಬ್ಬಿ ಹೊರಬರುತ್ತವೆ.

ಕಾರಿನ ವಂಶಾವಳಿ ತಿಳಿದಿದ್ದರೂ ಹುಡುಕಾಟ ಹಗುರಾಗುತ್ತದೆ. ಸಿಯೆಲೊದ ಮೂಲ ಜರ್ಮನಿಯ ಓಪೆಲ್ ಕಡೆಟ್. ಅದೇ ಕಾರು ನೆಕ್ಸಿಯಾ ಎಂಬ ಹೆಸರಿನಲ್ಲಿ ಉಜ್ಬೇಕಿಸ್ತಾನದ ಅಸಾಕಾದಲ್ಲಿ 1996ರಿಂದ 2016ರವರೆಗೆ ತಯಾರಾಯಿತು. ನಮ್ಮಲ್ಲಿ ಗುಜರಿ ಸೇರಿದ ಕಾರು ಅಲ್ಲಿ ನಿನ್ನೆ ಮೊನ್ನೆಯವರೆಗೆ ಹೊಸದಾಗಿ ಹುಟ್ಟುತ್ತಿತ್ತು! ಹಾಗಾಗಿ ಆ ಹೆಸರಿನ ಬಿಡಿಭಾಗಗಳು ಜಗತ್ತಿನಲ್ಲಿ ಇನ್ನೂ ಚಲಾವಣೆಯಲ್ಲಿವೆ. ಮಾಟಿಜ್ ಕಾರು 2007ರಲ್ಲಿ ಷೆವ್ರೊಲೆ ಸ್ಪಾರ್ಕ್ ಎಂಬ ಹೊಸ ಜನ್ಮವೆತ್ತಿ ಇಲ್ಲಿಗೇ ಬಂತು. ಮಾಟಿಜ್ ಇಟ್ಟುಕೊಂಡವರು ಸ್ಪಾರ್ಕ್‌ನ ಭಾಗಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡುವುದು ಲೇಸು.

ಗುಜರಿಯ ಬಗ್ಗೆ ಒಂದು ಮಾತು. ಚೌಕಟ್ಟು, ಮುಚ್ಚಳ, ಲಾಕ್ ರಿಂಗು, ಫ್ಲೋಟು ಇವನ್ನು ಗುಜರಿಯಿಂದ ಕಣ್ಣುಮುಚ್ಚಿ ತರಬಹುದು. ಮೋಟರನ್ನು ತರಬೇಡಿ. ಒಳಗೆ ಬ್ರಷ್ ಎಷ್ಟು ಸವೆದಿದೆ ಎಂದು ಹೊರಗಿನಿಂದ ಯಾರಿಗೂ ಕಾಣದು. ಬಿಚ್ಚಿ ನೋಡೋಣವೆಂದರೆ ಕವಚದ ಅಂಚನ್ನು ಮಡಿಸಿ ಒತ್ತಿಬಿಟ್ಟಿರುತ್ತಾರೆ, ಬಿಚ್ಚಿದರೆ ಮತ್ತೆ ಕೂಡಿಸಲಾಗದು. ಈ ವಿಷಯದಲ್ಲಿ ನಮ್ಮ ಭಾಗದವರಿಗೆ ಬೇಸರವಾದರೆ ಅದು ನ್ಯಾಯವೇ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ, ಅಂದರೆ ಮೋಟರ್ ಇಂಡಸ್ಟ್ರೀಸ್ ಕಂಪನಿ, ಡೀಸೆಲ್ ಪಂಪುಗಳನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಟ್ರ್ಯಾಕ್ಟರಿನವರ ಬಾಯಲ್ಲಿ ಅದು ಇಂದಿಗೂ ಮೈಕೋ ಪಂಪೇ. ಬಿಚ್ಚಿ, ಎಲಿಮೆಂಟ್ ಬದಲಿಸಿ, ಕ್ಯಾಲಿಬ್ರೇಷನ್ ಮಾಡಿಸಿ ಮತ್ತೆ ವರ್ಷಗಟ್ಟಲೆ ಓಡಿಸಬಹುದಾದ ಯಂತ್ರ ಅದು. ಅಂಥ ಪರಂಪರೆ ಇರುವ ಊರಿನಲ್ಲಿ, ಎರಡು ಬ್ರಷ್ ಸವೆದಿದ್ದಕ್ಕೆ ಇಡೀ ಪಂಪನ್ನು ಎಸೆಯಬೇಕಾಗಿ ಬಂದಿರುವುದು ವಿನ್ಯಾಸಕಾರರ ಸೋಮಾರಿತನ ಎಂದೇ ನಾನು ಹೇಳುತ್ತೇನೆ.

ಬ್ರಷ್ ಮಾತು ಬಂದದ್ದರಿಂದ ಗಂಧಕದ ಕತೆಯನ್ನೂ ಹೇಳಿಬಿಡಬೇಕು. ಹಳೆಯ ಪಂಪುಗಳಲ್ಲಿ ಕಮ್ಯುಟೇಟರ್ ತಾಮ್ರದ್ದು. ಪೆಟ್ರೋಲಿನಲ್ಲಿರುವ ಗಂಧಕದ ಸಂಯುಕ್ತಗಳು ತಾಮ್ರದ ಮೈಮೇಲೆ ಕಪ್ಪು ಪದರ ಕಟ್ಟುತ್ತವೆ, ಪದರ ಬೆಳೆದಂತೆ ಕರೆಂಟು ತೊಡರುತ್ತದೆ. ಕಪ್ಪಾದ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುವ ನಲ್ಲೂರಿನ ಮನೆಗಳಿಗೆ ಲೋಹದ ಈ ಚಾಳಿ ಹೊಸದಲ್ಲ. ಮುಚ್ಚಿದ ಪಂಪಿನೊಳಗೆ ತಿಕ್ಕಲು ಕೈ ಹೋಗದು ಅಷ್ಟೇ. 2000ದ ಭಾರತ್ ಸ್ಟೇಜ್ (ಬಿಎಸ್) ಮಾನಕದಲ್ಲಿ ಹತ್ತು ಲಕ್ಷಕ್ಕೆ 1000 ಭಾಗದವರೆಗೆ ಗಂಧಕಕ್ಕೆ ಅವಕಾಶವಿತ್ತು. ಬಿಎಸ್-4ರಲ್ಲಿ ಅದು 50ಕ್ಕೆ ಇಳಿಯಿತು, 2020ರ ಬಿಎಸ್-6ರಲ್ಲಿ 10ಕ್ಕೆ. ಗಂಧಕದ ಕಾಟ ಹೀಗೆ ತೀರಿತು ಅನ್ನುವಷ್ಟರಲ್ಲಿ ಎಥನಾಲ್ ಬಂತು. ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ನೆಲಮಂಗಲದ ದಾರಿಯ ಮಾದಾವರದಲ್ಲಿ ನಡೆದ ಇಂಧನ ಸಪ್ತಾಹದಲ್ಲಿ. ಆ ವರ್ಷದ ಏಪ್ರಿಲ್ ನಂತರ ತಯಾರಾದ ಗಾಡಿಗಳ ರಬ್ಬರು, ಪ್ಲಾಸ್ಟಿಕ್ಕುಗಳನ್ನು ಇದಕ್ಕೆ ತಕ್ಕಂತೆ ಮಾಡಲಾಗಿದೆ. 1996ರ ಕಾರಿಗೆ ಆ ಅನುಕೂಲವಿಲ್ಲ.

ಎಥನಾಲಿನ ಸ್ವಭಾವ ಪೆಟ್ರೋಲಿನದಲ್ಲ. ಅದು ಗಾಳಿಯ ತೇವ ಹೀರುತ್ತದೆ. ವಿದ್ಯುತ್ತನ್ನು ಪೆಟ್ರೋಲಿನಷ್ಟು ಗಟ್ಟಿಯಾಗಿ ತಡೆಯುವುದಿಲ್ಲ. ತಾಮ್ರದ ಕಮ್ಯುಟೇಟರನ್ನು ಬೇಗ ತಿನ್ನುತ್ತದೆ. ಹಳೆಯ ರಬ್ಬರನ್ನು ಊದಿಸುತ್ತದೆ. ಮೂವತ್ತು ವರ್ಷದಿಂದ ಟ್ಯಾಂಕಿನ ಗೋಡೆಗೆ ಅಂಟಿ ಕೂತ ಮೇಣದಂಥ ಜಿಡ್ಡನ್ನು ಕರಗಿಸಿ ಬಲೆಗೆ ತಂದು ತುಂಬುತ್ತದೆ. ಶೇ 20 ಬೆರಕೆಯ ಒಂದು ಲೀಟರಿನಲ್ಲಿ ಸಿಗುವ ಶಕ್ತಿಯೂ ಶೇ 6-7ರಷ್ಟು ಕಡಿಮೆ, ಅದೇ ಕೆಲಸಕ್ಕೆ ಅಷ್ಟು ಹೆಚ್ಚು ಪೆಟ್ರೋಲು ತಳ್ಳಬೇಕು. ಹರಿವಿನ ವಿಷಯಕ್ಕೆ ಚಿಂತೆ ಬೇಡ, ಬೇಕಾದದ್ದರ ಎರಡೂವರೆ-ಮೂರು ಪಟ್ಟು ಹರಿವಿದೆ ಎಂದು ಆಗಲೇ ಲೆಕ್ಕ ಹಾಕಿದೆವು. ಚಿಂತೆ ಸಾಮಗ್ರಿಯದು. ಈ ದೃಷ್ಟಿಯಿಂದ ತಬ್ಬಲಿ ಕಾರಿಗೆ ಒಂದು ಲಾಭವೂ ಇದೆ. ಗೋದಾಮಿನಲ್ಲಿ ಧೂಳು ತಿನ್ನುತ್ತಿರುವ ‘ಒರಿಜಿನಲ್’ ಸಿಯೆಲೊ ಪಂಪು ಸಿಕ್ಕರೆ ಅದು 1990ರ ದಶಕದ ಸಾಮಗ್ರಿ. ಇವತ್ತಿನ ಕಾರಿಗಾಗಿ ಮಾಡಿದ, ಕಾರ್ಬನ್ ಕಮ್ಯುಟೇಟರ್ ಇರುವ ಹೊಸ ಪಂಪು ಇವತ್ತಿನ ಪೆಟ್ರೋಲಿಗೆ ಅದಕ್ಕಿಂತ ಮೇಲು. ಹಳೆಯ ಕಾರಿಗೆ ಹಳೆಯ ಭಾಗವೇ ಆಗಬೇಕೆಂಬ ಹಟ ಹೆಡ್‌ಲೈಟಿಗೆ, ಬಂಪರಿಗೆ ಇರಲಿ; ಪಂಪಿಗೆ ಬೇಡ.

ಕೂರಿಸುವಾಗ ಹೆಚ್ಚಿನವರು ಅಸಡ್ಡೆ ಮಾಡುವುದು ಗೇಣುದ್ದದ ಒಂದು ರಬ್ಬರ್ ಪೈಪನ್ನು. ಪಂಪಿನ ಮೂತಿಯಿಂದ ಮುಚ್ಚಳದವರೆಗೆ ಹೋಗುವ ಈ ಪೈಪು ಪೆಟ್ರೋಲಿನಲ್ಲಿ ಒಳಗೂ ಹೊರಗೂ ನೆನೆದಿರುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಪೈಪಿನ ಒಳಮೈ ಮಾತ್ರ ಪೆಟ್ರೋಲು ತಡೆಯುತ್ತದೆ, ಹೊರಮೈ ಅಲ್ಲ. ಟ್ಯಾಂಕಿನೊಳಗೆ ಅದು ಮೆತ್ತಗಾಗಿ ಊದಿ, ಒಂದು ದಿನ ಕ್ಲಿಪ್ಪಿನಿಂದ ಜಾರುತ್ತದೆ. ಮುಳುಗಿಸಲೆಂದೇ ಮಾಡಿದ ಪೈಪಿನ ಮೇಲೆ ‘30ಆರ್10’ ಎಂಬ ಗುರುತು ಅಚ್ಚಾಗಿರುತ್ತದೆ. ಬೆಲೆ ಜಾಸ್ತಿ, ಅದನ್ನೇ ಕೊಳ್ಳಿ. ಬಲೆಯನ್ನೂ ಹೊಸದು ಹಾಕಿ. ಪಂಪಿನೊಳಗಿನ ಚಕ್ರಕ್ಕೂ ಗೋಡೆಗೂ ಇರುವ ಸಂದು ಕೂದಲೆಳೆಗಿಂತ ಸಣ್ಣದು, ತುಕ್ಕಿನ ಪುಡಿ ಹೋಯಿತೋ ಅಲ್ಲಿಗೆ ಮುಗಿಯಿತು. ಟ್ಯಾಂಕಿನ ತಳದಲ್ಲಿ ಕೆಂಪು ಕೆಸರು ಕಂಡರೆ ಟ್ಯಾಂಕ್ ಇಳಿಸಿ ತೊಳೆಸದೆ ಹೊಸ ಪಂಪು ಹಾಕುವುದು ದುಡ್ಡನ್ನು ಹೊಳೆಗೆ ಹಾಕಿದಂತೆ.

ಮೊದಲೇ ಹೇಳಿದ ಬೆಂಕಿಯ ಲೆಕ್ಕ ಈಗ ಎದುರಾಗುತ್ತದೆ. ಮುಚ್ಚಳ ತೆಗೆದ ಟ್ಯಾಂಕಿನ ಬಾಯಲ್ಲಿ ಆವಿ ಗಾಳಿಯೊಡನೆ ಬೆರೆಯುತ್ತ ಆ ಇಕ್ಕಟ್ಟಿನ 1.4ರಿಂದ 7.6ರ ಪಟ್ಟಿಯೊಳಗೆ ಬಂದುಬಿಡುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ; ಮೇಲಕ್ಕೆ ಹಾರಿಹೋಗದೆ ನೆಲ ಹಿಡಿದು ಹರಿಯುತ್ತದೆ, ಪಕ್ಕದ ಕೋಣೆಯ ಯುಪಿಎಸ್‌ವರೆಗೂ ಹೋದೀತು. ಕೆಲಸ ಬಯಲಲ್ಲಿ ಮಾಡಿ. ಮೊದಲು ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ಇನ್ನೂ ಹತ್ತುವ ಸ್ಥಿತಿಯಲ್ಲಿದ್ದರೆ ತಾನಾಗಿ ಆರುವವರೆಗೆ ಓಡಿಸಿ ಪೈಪಿನ ಒತ್ತಡ ಇಳಿಸಿ, ಆಮೇಲೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಬಲ್ಬು ತೂಗುಹಾಕಿಕೊಂಡು, ಬಾಯಲ್ಲಿ ಸಿಗರೇಟು ಕಚ್ಚಿಕೊಂಡು ‘ಇಪ್ಪತ್ತು ವರ್ಷದಿಂದ ಹಿಂಗೇ ಮಾಡ್ತಿದೀನಿ ಸಾರ್’ ಎನ್ನುವವರ ಕೈಗೆ ಗಾಡಿ ಕೊಡಬೇಡಿ.

ಪಂಪು ತಯಾರಿಸುವವರಿಗೂ ಮಾರುವವರಿಗೂ ಒಂದು ಅರಿಕೆ ಇದೆ. ಡಬ್ಬಿಯ ಮೇಲೆ ಹತ್ತು ಕಾರುಗಳ ಹೆಸರು ಅಚ್ಚು ಹಾಕುತ್ತೀರಿ. ಅದರ ಕೆಳಗೆ ಎಷ್ಟು ಬಾರ್, ಗಂಟೆಗೆ ಎಷ್ಟು ಲೀಟರ್, ಎಷ್ಟು ಆಂಪಿಯರ್ ಎಂಬ ಮೂರು ಅಂಕಿಗಳನ್ನೂ, ಶೇ 20 ಎಥನಾಲಿಗೆ ತಾಳುತ್ತದೋ ಇಲ್ಲವೋ ಎಂಬ ಒಂದು ಸಾಲನ್ನೂ ಸೇರಿಸಿ. ಅಷ್ಟು ಬರೆದರೆ ಸಿಯೆಲೊ, ಮಾಟಿಜ್, ಆಸ್ಟ್ರಾ ಇಟ್ಟುಕೊಂಡವರೆಲ್ಲ ನಿಮ್ಮ ಗಿರಾಕಿಗಳೇ.